ಅತೆಮ್ ಯಾರ ನೆರಳೂ ಅಲ್ಲ

ಕಜುಕಿ ತಕಹಾಶಿಯವರ ‘ಯು-ಗಿ-ಓ!’ ಮಾಂಗಾ ಓದಿದವರಲ್ಲಿ, ಅದರ ಅನಿಮೆ ನೋಡುತ್ತ ಬೆಳೆದವರಲ್ಲಿ ಒಂದು ಮಾತು ಬಹುಕಾಲದಿಂದ ಇತ್ಯರ್ಥವಾದ ಸಂಗತಿಯಂತೆ ಓಡಾಡುತ್ತಿದೆ. ನಾಯಕ ಯೂಗಿಯ ಮೈಯಲ್ಲಿ ಆಗಾಗ ಎದ್ದು ನಿಲ್ಲುವ ‘ಇನ್ನೊಬ್ಬ ಯೂಗಿ’ ಬೇರೆ ಯಾರೂ ಅಲ್ಲ, ಅದು ಅವನ ಹರೆಯ ಎಂಬುದೇ ಆ ಮಾತು. ಪುಕ್ಕಲ ಹುಡುಗನೊಬ್ಬ ದೊಡ್ಡವನಾಗುವ ಹೊತ್ತಿಗೆ ಅವನೊಳಗೆ ಏಳುವ ಸಿಟ್ಟು, ಎದೆಗಾರಿಕೆ, ಹಮ್ಮು, ಸೆಳೆತ ಎಲ್ಲ ಸೇರಿ ಒಂದು ಆಕಾರ ತಾಳಿವೆ. ಕೊನೆಯಲ್ಲಿ ಆ ಆಕಾರ ಹೊರಟುಹೋಗುವುದೆಂದರೆ ಹರೆಯ ಕಳೆಯಿತು, ಹುಡುಗ ಬೆಳೆದ ಎಂದರ್ಥ. ಈಜಿಪ್ಟು, ಫೇರೋ, ಮೂರು ಸಾವಿರ ವರ್ಷದ ಹಿಂದಿನ ವೃತ್ತಾಂತ ಎಲ್ಲ ಬರಿಯ ಮೇಲುಹೊದಿಕೆ. ಈ ಫ್ಯಾನ್ ಥಿಯರಿಯನ್ನು ಅಲ್ಲಗಳೆಯುವವರು ಕಡಿಮೆ. ನಾನು ಅಲ್ಲಗಳೆಯುತ್ತೇನೆ. ಅದು ದಡ್ಡ ಓದು ಎಂದಲ್ಲ. ಬಹಳ ಜಾಣ ಓದು. ಆದರೆ ಆ ಜಾಣತನಕ್ಕೆ ಕೃತಿಯ ಅತ್ಯಂತ ಬೆಲೆಯುಳ್ಳ ಭಾಗವೇ ಬಲಿಯಾಗುತ್ತದೆ.

ಮೊದಲು ಆ ಓದಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. 1996ರಲ್ಲಿ ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯಲ್ಲಿ ಕಥೆ ಶುರುವಾದಾಗ ಯೂಗಿ ಹೈಸ್ಕೂಲಿನ ಮೊದಲ ವರ್ಷದಲ್ಲಿದ್ದಾನೆ. ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳ. ಹೇಳಿಕೊಳ್ಳಲು ಗೆಳೆಯರಿಲ್ಲ. ಆಟದ ಸಾಮಾನಿನ ಅಂಗಡಿ ಇಟ್ಟಿರುವ ಅಜ್ಜನಿಂದ ಸಿಕ್ಕ ಬಂಗಾರದ ಪೆಟ್ಟಿಗೆಯೊಳಗಿನ ಚೂರುಗಳನ್ನು ಜೋಡಿಸುತ್ತ ಎಂಟು ವರ್ಷ ಕಳೆದಿದ್ದಾನೆ. ಅದೇ ಮಿಲೇನಿಯಂ ಪಜಲ್. ಎಂಟು ವರ್ಷವೆಂದರೆ ಬಾಲ್ಯದ ನಡುವಿನಿಂದ ಹರೆಯದ ನಡುವಿನವರೆಗೆ. ಕೊನೆಯ ಚೂರು ಕೂತೊಡನೆ ಅವನೊಳಗೆ ಇನ್ನೊಬ್ಬ ಏಳುತ್ತಾನೆ: ಕಣ್ಣು ಚೂಪು, ನಿಲುವು ನೆಟ್ಟಗೆ, ದನಿ ದಪ್ಪ. ಜೊತೆಯಲ್ಲಿ ಆಡಿ ಬೆಳೆದ ಹುಡುಗಿ ಅಂಜು ಮಜಾಕಿ ಮನಸೋಲುವುದು ಆ ದಪ್ಪ ದನಿಗೆ. ಎದ್ದವನು ಮಾಡಿದ್ದು ಯೂಗಿಗೆ ನೆನಪಿರುವುದಿಲ್ಲ. ತನ್ನೊಳಗೆ ಏನೋ ಇದೆ, ಅದು ತನ್ನ ಹಿಡಿತಕ್ಕೆ ಸಿಗುತ್ತಿಲ್ಲ ಎಂಬ ದಿಗಿಲು ಮಾತ್ರ ಉಳಿಯುತ್ತದೆ. ಹದಿನಾರರ ಹುಡುಗನ ಪಾಡಿಗೆ ಇದಕ್ಕಿಂತ ಒಳ್ಳೆಯ ರೂಪಕ ಬೇಕೆ ಎಂದು ಯಾರಾದರೂ ಕೇಳಿದರೆ ಆ ಕೇಳಿಕೆಯಲ್ಲಿ ತಪ್ಪಿಲ್ಲ.

ಇನ್ನೊಂದು ಸಂಗತಿಯನ್ನು ನಾನೇ ಅವರ ಪರವಾಗಿ ಸೇರಿಸುತ್ತೇನೆ. 2000ದಿಂದ 2004ರವರೆಗೆ 224 ಕಂತುಗಳಲ್ಲಿ ನಡೆದ ‘ಡ್ಯೂಯಲ್ ಮಾನ್‌ಸ್ಟರ್ಸ್’ ಅನಿಮೆಯ ಜಪಾನಿ ಮೂಲದಲ್ಲಿ ಇಬ್ಬರಿಗೂ ದನಿ ಕೊಟ್ಟವರು ಒಬ್ಬರೇ, ಶುನ್ಸುಕೆ ಕಜಾಮಾ. 1983ರಲ್ಲಿ ಹುಟ್ಟಿದ ಅವರಿಗೆ ಆ ಕೆಲಸ ಶುರುವಾದಾಗ 16 ವರ್ಷ, ಮುಗಿದಾಗ 21. ಸರಣಿಯ ಮೊದಲ ಕಂತನ್ನೂ ಕೊನೆಯ ಕಂತನ್ನೂ ಒಂದರ ಹಿಂದೆ ಒಂದು ಕೇಳಿದರೆ ಒಬ್ಬ ಹುಡುಗನ ಗಂಟಲು ಬಲಿತದ್ದು ಕಿವಿಗೇ ಗೊತ್ತಾಗುತ್ತದೆ. ಥಿಯರಿಯವರಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗಲಾರದು. ಆದರೂ ಅದು ಕಜಾಮಾ ಅವರ ಹರೆಯದ ಸಾಕ್ಷಿ. ಅತೆಮ್, ಅಂದರೆ ಆ ಇನ್ನೊಬ್ಬ ಯೂಗಿ, ಯಾರು ಎಂಬುದರ ಸಾಕ್ಷಿಯಲ್ಲ.

ಮಾಂಗಾದ ಮೊದಲ ಏಳು ಸಂಪುಟಗಳಲ್ಲಿ ಈ ಓದು ಹೆಚ್ಚು ತೊಡಕಿಲ್ಲದೆ ಕೂರುತ್ತದೆ. ಆಗಿನ್ನೂ ಇದು ಕಾರ್ಡಿನ ಕಥೆಯಲ್ಲ, ಭಯದ ಕಥೆ. ಪ್ರತಿ ಅಧ್ಯಾಯಕ್ಕೊಬ್ಬ ದುಷ್ಟ ಬರುತ್ತಾನೆ. ಇನ್ನೊಬ್ಬ ಯೂಗಿ ಅವನನ್ನು ಕತ್ತಲೆಯ ಆಟಕ್ಕೆ ಕರೆಯುತ್ತಾನೆ. ನಿಯಮ ಮುರಿದವನಿಗೆ ಶಿಕ್ಷೆಯಾಗುತ್ತದೆ. ಮೊದಲ ಅಧ್ಯಾಯದ ಉಶಿಯೊ ಶಾಲೆಯ ಶಿಸ್ತು ನೋಡಿಕೊಳ್ಳುವ ಹಿರಿಯ ವಿದ್ಯಾರ್ಥಿ. ಯೂಗಿಯನ್ನು ಕಾಡುತ್ತಿದ್ದ ಇಬ್ಬರು ಹುಡುಗರನ್ನು ತಾನಾಗಿ ಹೊಡೆದು ಕೆಡವಿ, ಕಾವಲಿನ ಕೂಲಿ ಎಂದು ಯೂಗಿಯ ಹತ್ತಿರ ಎರಡು ಲಕ್ಷ ಯೆನ್ ಕೇಳುತ್ತಾನೆ. ಆ ರಾತ್ರಿ ಇನ್ನೊಬ್ಬ ಯೂಗಿ ಹಣದೊಂದಿಗೆ ಅವನೆದುರು ಬಂದು ಕೂರುತ್ತಾನೆ. ನೋಟಿನ ಕಟ್ಟನ್ನು ಅಂಗೈ ಹಿಂಬದಿಯ ಮೇಲಿಟ್ಟುಕೊಂಡು ಚಾಕುವಿನಿಂದ ಚುಚ್ಚಬೇಕು. ಚುಚ್ಚಿಕೊಂಡಷ್ಟು ನೋಟು ಚುಚ್ಚಿದವನದು. ಕಡಿಮೆ ಆಸೆಯಿದ್ದವನ ಚಾಕು ಮೆಲ್ಲಗೆ ಇಳಿಯುತ್ತದೆ, ಹೆಚ್ಚು ಆಸೆಯಿದ್ದವನ ಚಾಕು ತನ್ನ ಕೈಯನ್ನೇ ಹಾಯುತ್ತದೆ. ಉಶಿಯೊನ ತೋಳು ಅವನ ಮಾತು ಕೇಳುವುದನ್ನು ಬಿಡುತ್ತದೆ. ಕೊನೆಗೆ ಅವನು ಆಟವನ್ನೇ ಬಿಟ್ಟು ಎದುರಿದ್ದವನ ಮೇಲೆ ಚಾಕು ಎತ್ತುತ್ತಾನೆ. ಬೆಳಗ್ಗೆ ನೋಡಿದರೆ ಕಸವನ್ನೂ ತರಗೆಲೆಯನ್ನೂ ನೋಟೆಂದು ಬಾಚಿಕೊಳ್ಳುತ್ತಿದ್ದಾನೆ. ಪೆಟ್ಟು ತಿಂದು ಸುಮ್ಮನಿದ್ದ ಹುಡುಗ ಮನಸ್ಸಿನಲ್ಲೇ ಕಟ್ಟಿಕೊಳ್ಳುವ ಸೇಡಿನ ಕನಸಿಗೆ ಇದು ಎಷ್ಟು ಹತ್ತಿರವಿದೆ ಎಂದು ನೋಡಿದರೆ, ಇನ್ನೊಬ್ಬ ಯೂಗಿಯನ್ನು ಯೂಗಿಯ ಅದುಮಿಟ್ಟ ಸಿಟ್ಟೆಂದು ಕರೆಯಲು ಯಾರಿಗೂ ಅಡ್ಡಿಯಿರಲಾರದು.

ಆದರೆ ಮಾಂಗಾ ಇರುವುದು 38 ಸಂಪುಟ. ಏಳನೆಯದರ ಹೊತ್ತಿಗೆ ಸರಿಯಾಗಿದ್ದ ಓದನ್ನು ಮೂವತ್ತೆಂಟನೆಯದರವರೆಗೆ ಎಳೆದುಕೊಂಡು ಹೋಗುವುದರಲ್ಲೇ ಈ ಥಿಯರಿಯ ತಪ್ಪಿದೆ. ವಾರವಾರ ಬರೆಯುವ ಕಥೆಗಾರ ಬರೆಯುತ್ತ ಬರೆಯುತ್ತ ತನ್ನ ಪಾತ್ರವನ್ನು ಕಂಡುಕೊಳ್ಳುತ್ತಾನೆ. ಒಂದು ಪ್ರಸಂಗಕ್ಕೆಂದು ತಂದ ಕಾರ್ಡಿನಾಟ ಓದುಗರಿಗೆ ಹಿಡಿಸಿದ್ದರಿಂದ ತಕಹಾಶಿ ಅದನ್ನೇ ಕಥೆಯ ನಡುಮನೆಗೆ ತಂದರು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅದೇ ಹೊತ್ತಿನಲ್ಲಿ ಇದಕ್ಕಿಂತ ದೊಡ್ಡ ಇನ್ನೊಂದು ಬದಲಾವಣೆಯೂ ಆಯಿತು: ಇನ್ನೊಬ್ಬ ಯೂಗಿ ಯೂಗಿಯ ಒಂದು ಗುಣವಾಗಿರುವುದನ್ನು ಬಿಟ್ಟು ಒಬ್ಬ ವ್ಯಕ್ತಿಯಾಗತೊಡಗಿದ.

ಆ ಬದಲಾವಣೆ ಕಣ್ಣಿಗೆ ಬೀಳುವ ಜಾಗ ಖಳ ಪೆಗಸಸ್‌ನ ದ್ವೀಪದ ಕೋಟೆ. ಯೂಗಿ ಮತ್ತು ಅವನ ಬಹುಕಾಲದ ಎದುರಾಳಿ ಕೈಬಾ ಎದುರುಬದುರಾಗಿದ್ದಾರೆ. ಇಬ್ಬರಿಗೂ ಒಳಗೆ ಹೋಗಲೇಬೇಕು. ಯೂಗಿಯ ಅಜ್ಜನ ಆತ್ಮವನ್ನೂ ಕೈಬಾನ ತಮ್ಮ ಮೊಕುಬಾನ ಆತ್ಮವನ್ನೂ ಪೆಗಸಸ್ ಹಿಡಿದಿಟ್ಟಿದ್ದಾನೆ. ಸೋಲು ಹತ್ತಿರವಾಗುತ್ತಿದ್ದಂತೆ ಕೈಬಾ ಹೋಗಿ ಕೋಟೆಯ ಅಂಚಿನ ಮೇಲೆ ನಿಲ್ಲುತ್ತಾನೆ. ಮುಂದಿನ ಹೊಡೆತದ ರಭಸಕ್ಕೆ ಕೆಳಗೆ ಬಿದ್ದೇನು, ಬೇಕಾದರೆ ಹೊಡೆ ಎನ್ನುತ್ತಾನೆ. ಇನ್ನೊಬ್ಬ ಯೂಗಿ ಹೊಡೆಯಲು ಸಿದ್ಧನಾಗುತ್ತಾನೆ. ಅವನ ಲೆಕ್ಕದಲ್ಲಿ ಅದು ಸರಿ. ಅಜ್ಜನ ಜೀವ ಉಳಿಯಬೇಕು, ಎದುರಾಳಿ ತನ್ನ ಪ್ರಾಣವನ್ನು ತಾನೇ ಪಣಕ್ಕಿಟ್ಟಿದ್ದಾನೆ. ಆಗ ಒಳಗಿನ ಸಣ್ಣ ಯೂಗಿ ಬೇಡವೆಂದು ಕೂಗಿ ತನ್ನ ಮೈಯನ್ನು ಕಿತ್ತುಕೊಳ್ಳುತ್ತಾನೆ. ಹೊಡೆತ ನಿಲ್ಲುತ್ತದೆ. ಕೈಬಾ ಗೆಲ್ಲುತ್ತಾನೆ. ಯೂಗಿ ನೆಲಕ್ಕೆ ಕುಸಿದು ಅಳುತ್ತಾನೆ.

ಹರೆಯದ ಆವೇಶವನ್ನು ಅಂತಃಸಾಕ್ಷಿ ತಡೆಯಿತು ಎಂದು ಥಿಯರಿಯವರು ಇದನ್ನು ಬಿಡಿಸಬಹುದು. ಹಾಗೆ ಬಿಡಿಸಿದರೆ ಮುಂದಿನದಕ್ಕೆ ಅರ್ಥ ಉಳಿಯುವುದಿಲ್ಲ. ಆವೇಶಕ್ಕೆ ಪಶ್ಚಾತ್ತಾಪವಿಲ್ಲ. ಇನ್ನೊಬ್ಬ ಯೂಗಿಗೆ ಅದು ಆಗುತ್ತದೆ. ಮುಂದಿನ ಪಂದ್ಯದಲ್ಲಿ ಮಾಯಿ ಎಂಬ ಆಟಗಾರ್ತಿಯ ಎದುರು ಕೂತಾಗ ಅವನ ಮನಸ್ಸು ಆಟದಲ್ಲಿಲ್ಲ. ತಾನು ಏನು ಮಾಡಹೊರಟಿದ್ದೆ ಎಂಬ ಕೊರಗಿನಲ್ಲಿದೆ. ಯೂಗಿ ತನ್ನನ್ನು ಮತ್ತೆ ನಂಬುವನೋ ಇಲ್ಲವೋ ಎಂಬುದು ಅವನಿಗೆ ಮುಖ್ಯವಾಗಿಬಿಟ್ಟಿದೆ. ತಪ್ಪು ಮಾಡುವ, ನಾಚುವ, ಇನ್ನೊಬ್ಬರ ನಂಬಿಕೆಗಾಗಿ ಕಾಯುವ ಜೀವವನ್ನು ಮನೋಧರ್ಮವೆಂದು ಕರೆಯಲಾಗುವುದಿಲ್ಲ. ಆ ಇಬ್ಬರ ನಡುವೆ ಈಗ ಇರುವುದು ಸಂಬಂಧ. ಸಂಬಂಧಕ್ಕೆ ಎರಡು ತಲೆ ಬೇಕು.

ಎರಡು ತಲೆ ಇವೆ ಎಂಬುದನ್ನು ಕಥೆ ಮುಂದಿನ ಪಂದ್ಯದಲ್ಲೇ ಆಟದ ನಿಯಮದಂತೆ ರುಜುವಾತು ಮಾಡುತ್ತದೆ. ಪೆಗಸಸ್‌ನ ಮಿಲೇನಿಯಂ ಕಣ್ಣು ಎದುರಾಳಿಯ ಮನಸ್ಸನ್ನು ಓದುತ್ತದೆ. ಅದನ್ನು ತಪ್ಪಿಸಲು ಇಬ್ಬರೂ ಸರದಿಯ ಮೇಲೆ ಮೈಯನ್ನು ಬದಲಿಸಿಕೊಳ್ಳುತ್ತಾರೆ. ಒಬ್ಬ ಕಾರ್ಡು ಇಟ್ಟು ಹಿಂದೆ ಸರಿದರೆ ಇನ್ನೊಬ್ಬನಿಗೆ ಆ ಕಾರ್ಡು ಯಾವುದೆಂದು ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಪೆಗಸಸ್ ಓದಲಾರ. ಒಂದೇ ಮನಸ್ಸಿನ ಎರಡು ಮುಖಗಳಾಗಿದ್ದರೆ ಈ ಉಪಾಯ ನಡೆಯುತ್ತಲೇ ಇರಲಿಲ್ಲ. ಗೆಲುವಿನ ದಾರಿಯನ್ನೇ ತಕಹಾಶಿ ಇವರಿಬ್ಬರ ಬೇರೆತನದ ಮೇಲೆ ಕಟ್ಟಿದ್ದಾರೆ.

ಅಷ್ಟಾದರೂ ಜಪಾನಿ ಮೂಲದಲ್ಲಿ ಯೂಗಿ ಅವನನ್ನು ಕೂಗುವುದು ‘ಇನ್ನೊಬ್ಬ ನಾನು’ ಎಂದೇ ಅಲ್ಲವೆ ಎಂದು ಕೇಳುವವರಿದ್ದಾರೆ. ಹೌದು. ಅವನು ಯೂಗಿಯನ್ನು ಕೂಗುವುದು ‘ಜೊತೆಗಾರ’ ಎಂದು. ಮೊದಲನೆಯ ಕರೆಯನ್ನು ಎತ್ತಿ ಹಿಡಿದು ಎರಡನೆಯದನ್ನು ಕೈಬಿಡುವುದು ಸರಿಯಾದ ಓದಲ್ಲ.

ಈಗ ನನ್ನ ವಾದದ ಮುಖ್ಯ ಸಾಕ್ಷಿಗೆ ಬರುತ್ತೇನೆ. ಅದು ಮಾರಿಕ್. ಈ ಥಿಯರಿ ಹೇಳುವವರು ಮಾರಿಕ್‌ನ ಸುದ್ದಿ ಎತ್ತುವುದನ್ನು ನಾನು ಅಪರೂಪವಾಗಿ ಕೇಳಿದ್ದೇನೆ.

ಫೇರೋನ ಗೋರಿ ಕಾಯುವ ವಂಶದಲ್ಲಿ ಹುಟ್ಟಿದ ಮಾರಿಕ್ ಬೆಳಕು ಕಾಣದ ನೆಲಮಾಳಿಗೆಯಲ್ಲಿ ಬೆಳೆಯುತ್ತಾನೆ. ಹತ್ತನೆಯ ವಯಸ್ಸಿನಲ್ಲಿ, ಕುಲದ ಕಟ್ಟಳೆಯಂತೆ, ತಂದೆ ಅವನ ಬೆನ್ನಿನ ಮೇಲೆ ಕಾಯಿಸಿದ ಚಾಕುವಿನಿಂದ ಫೇರೋನ ನೆನಪಿನ ಲಿಪಿಯನ್ನು ಕೊರೆಯುತ್ತಾನೆ. ಆ ನೋವಿನಿಂದ, ಆ ಹಗೆಯಿಂದ ಅವನೊಳಗೆ ಇನ್ನೊಬ್ಬ ಹುಟ್ಟುತ್ತಾನೆ. ಅಪ್ಪನನ್ನು ಕೊಲ್ಲುವವನು ಅವನೇ. ಮನೆಯವರೇ ಆಗಿಹೋಗಿದ್ದ ಸೇವಕ ರಿಶಿದ್ ತನ್ನ ಮುಖದ ಮೇಲೆ ತಾನೇ ಗಾಯ ಕೊರೆದುಕೊಂಡು ಹುಡುಗನ ನೋವಿನಲ್ಲಿ ಪಾಲು ಪಡೆಯುತ್ತಾನೆ. ರಿಶಿದ್ ಎಚ್ಚರವಿರುವವರೆಗೆ ಒಳಗಿನವನು ಏಳುವುದಿಲ್ಲ. ಬ್ಯಾಟಲ್ ಸಿಟಿ ಪಂದ್ಯಾವಳಿಯಲ್ಲಿ ರಿಶಿದ್ ಪ್ರಜ್ಞೆ ತಪ್ಪಿದ ಗಳಿಗೆಯಲ್ಲಿ ಒಳಗಿನವನು ಹೊರಬರುತ್ತಾನೆ: ಕೂದಲು ಸೆಟೆದು, ಮುಖ ತಿರುಚಿ, ನಾಲಗೆ ಚಾಚಿ.

ನೋಡಿ, ಇದು ಒಡೆದ ಮನಸ್ಸಿನ ತುಂಡು. ಇದಕ್ಕೆ ಹುಟ್ಟಿದ ದಿನವಿದೆ, ಹುಟ್ಟಿಸಿದ ಗಾಯವಿದೆ, ಮಾರಿಕ್‌ನನ್ನು ಬಿಟ್ಟರೆ ಬೇರೆ ಗತವಿಲ್ಲ, ತನ್ನದೆನ್ನುವ ಹೆಸರಿಲ್ಲ, ಹೋಗಬೇಕಾದ ಊರಿಲ್ಲ. ಪಂದ್ಯದ ಕೊನೆಯಲ್ಲಿ ನಿಜವಾದ ಮಾರಿಕ್ ತನ್ನ ಮೈಯನ್ನು ಮರಳಿ ಪಡೆದು, ತಾನಾಗಿ ಸೋಲೊಪ್ಪಿಕೊಂಡು ಅವನನ್ನು ಅಳಿಸಿಹಾಕುತ್ತಾನೆ. ಅವನಿಗಾಗಿ ಯಾರೂ ಅಳುವುದಿಲ್ಲ, ಅಳಬೇಕಾಗಿಯೂ ಇಲ್ಲ. ಒಬ್ಬ ಹುಡುಗ ತನ್ನ ಬೆಳವಣಿಗೆಯ ಹಾದಿಯಲ್ಲಿ ತನ್ನದೇ ಕತ್ತಲೆಯನ್ನು ಎದುರಿಸಿ ದಾಟುವ ಕಥೆ ಬೇಕಿದ್ದರೆ ಅದು ಇಲ್ಲಿದೆ, ಪೂರ್ತಿಯಾಗಿದೆ. ಒಳಗಿನ ಇನ್ನೊಂದು ಮುಖವನ್ನು ಹೇಗೆ ಬರೆಯಬೇಕೆಂದು ತಕಹಾಶಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬರೆದು, ಅತೆಮ್‌ನ ಎದುರಿಗೇ ನಿಲ್ಲಿಸಿದರು. ಎರಡರ ಅಂತರ ಕಾಣಲಿ ಎಂದೇ ನಿಲ್ಲಿಸಿದ ಹಾಗಿದೆ. ಅಂತರವನ್ನು ಕಾಣದೆ ಇಬ್ಬರಿಗೂ ಒಂದೇ ಚೀಟಿ ಅಂಟಿಸುವುದೆಂದರೆ ಲೇಖಕ ಪಟ್ಟ ಶ್ರಮವನ್ನು ಅಳಿಸಿದಂತೆ.

ಇದೇ ಜಂಪ್ ಪತ್ರಿಕೆಯಲ್ಲಿ, ಇದೇ ವರ್ಷಗಳಲ್ಲಿ, ಇನ್ನೊಂದು ಕಥೆ ನಡೆಯುತ್ತಿತ್ತು. ಯುಮಿ ಹೊತ್ತಾ ಬರೆದು ತಾಕೆಶಿ ಒಬಾತಾ ಚಿತ್ರಿಸಿದ ‘ಹಿಕಾರು ನೊ ಗೊ’. 1998ರ ಕೊನೆಯಿಂದ 2003ರವರೆಗೆ. ಅಲ್ಲೂ ಒಬ್ಬ ಹುಡುಗ, ಅವನೊಳಗೆ ಸತ್ತ ಆಟಗಾರನೊಬ್ಬ. ಸಾಯಿ ಎಂಬ ಆತ ಹೆಯಾನ್ ಕಾಲದ ಗೊ ಪಂಡಿತ. ಹಿಂದೊಮ್ಮೆ ಹೊನಿನ್‌ಬೊ ಶುಸಾಕು ಎಂಬ ಇತಿಹಾಸಪ್ರಸಿದ್ಧ ಆಟಗಾರನಲ್ಲಿ ನೆಲೆಸಿದ್ದವನು, ಈಗ ಹಿಕಾರುವಿನಲ್ಲಿ ನೆಲೆಸಿದ್ದಾನೆ. ಆರನೇ ತರಗತಿಯಲ್ಲಿ ಶುರುವಾಗುವ ಹಿಕಾರು ಕಥೆ ಸಾಗಿದಂತೆ ಎತ್ತರವಾಗುತ್ತಾನೆ, ಅವನ ಮುಖದ ಮಗುತನ ಕರಗುತ್ತದೆ. ಸಾಯಿ ಮಾಯವಾಗುವುದು ಮೇ 5ರಂದು, ಜಪಾನಿನ ಮಕ್ಕಳ ದಿನದಂದು. ಬಾಲ್ಯ, ಹರೆಯ, ಬೀಳ್ಕೊಡುಗೆ ಎಂದೆಲ್ಲ ಅರ್ಥ ಕಟ್ಟಲು ಇಷ್ಟೊಂದು ಎಡೆಯಿದ್ದರೂ ಸಾಯಿಯನ್ನು ಹಿಕಾರುವಿನ ಹರೆಯವೆಂದು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಸಾಯಿ ಸಾಯಿಯೇ. ಅವನು ಹೋದ ಮೇಲೆ ಹಿಕಾರು ಗೊ ಮುಟ್ಟುವುದನ್ನೇ ಬಿಡುತ್ತಾನೆ. ಅದನ್ನು ನಾವು ಸಾವಿನ ದುಃಖವೆಂದೇ ಓದುತ್ತೇವೆ.

ಹಾಗಾದರೆ ಅತೆಮ್‌ಗೆ ಯಾಕೆ ಈ ಗತಿ? ಸಾಯಿಗೆ ಬೇರೆ ಮುಖವಿದೆ, ಉದ್ದ ಕೂದಲಿದೆ, ಬೇರೆ ಕಾಲದ ಉಡುಗೆಯಿದೆ, ಹಿಕಾರುವಿನ ಪಕ್ಕದಲ್ಲಿ ನಿಲ್ಲುತ್ತಾನೆ. ಅತೆಮ್‌ಗೆ ಯೂಗಿಯದೇ ಮುಖ, ಯೂಗಿಯದೇ ಸಮವಸ್ತ್ರ. ಥಿಯರಿಯ ಇಡೀ ಭಾರ ನಿಂತಿರುವುದು ಈ ಮುಖದ ಹೋಲಿಕೆಯ ಮೇಲೆ. ಮನೆಗೆ ಬಂದ ನೆಂಟನ ಮುಖದಲ್ಲಿ ತನ್ನ ಹೋಲಿಕೆಯನ್ನೇ ಹುಡುಕುತ್ತ ಅವನ ಊರು, ಹೆಸರು ಕೇಳುವುದನ್ನು ಮರೆತಂತೆ ಈ ಓದು. ಇನ್ನೊಂದು ಮಾತು: ಹರೆಯವನ್ನು ಚಿತ್ರಿಸುವುದೇ ಗುರಿಯಾಗಿದ್ದರೆ ಹಿಕಾರುವಿನ ಹಾಗೆ ಯೂಗಿಯ ಮೈಯೂ ಬದಲಾಗಬೇಕಿತ್ತು. ಸುಮಾರು ಎಂಟು ವರ್ಷ ನಡೆದ ಮಾಂಗಾದಲ್ಲಿ ಯೂಗಿ ಕುಳ್ಳನಾಗಿಯೇ ಉಳಿಯುತ್ತಾನೆ.

ಮಸಾಶಿ ಕಿಶಿಮೊತೊ ಅವರ ‘ನರುತೊ’ ಬಗ್ಗೆಯೂ ಇಂಥದೇ ಥಿಯರಿಯಿದೆ, ಒಂಬತ್ತು ಬಾಲದ ನರಿಯೆಂದರೆ ನರುತೊನ ಪ್ರಾಯದ ಕಿಚ್ಚು ಎಂದು. ಅಲ್ಲಿಯೂ ಕಥೆಯೇ ಅದಕ್ಕೆ ಉತ್ತರ ಕೊಟ್ಟಿದೆ. ಸತ್ಯದ ಜಲಪಾತದ ಎದುರು ನರುತೊಗೆ ತನ್ನ ಕರಾಳ ರೂಪ ಕಾಣಿಸುತ್ತದೆ. ಅಪ್ಪಿಕೊಂಡೊಡನೆ ಅದು ಕರಗುತ್ತದೆ. ನರಿ ಹಾಗೆ ಕರಗುವುದಿಲ್ಲ. ಅದರೊಡನೆ ಕಾದಾಡಬೇಕು, ಆಮೇಲೆ ಅದರ ನೋವನ್ನು ಕೇಳಬೇಕು, ಕುರಾಮಾ ಎಂಬ ಅದರ ಹೆಸರು ಹಿಡಿದು ಕರೆಯಬೇಕು. ತನ್ನ ತುಂಡು ಬೇರೆ, ತನ್ನಲ್ಲಿ ನೆಲೆಸಿದವನು ಬೇರೆ.

ಈ ಥಿಯರಿಯ ಹಿಂದೆ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಇದ್ದಾರೆ. ನಾವು ಒಪ್ಪಿಕೊಳ್ಳಲಾರದ ನಮ್ಮದೇ ಗುಣಗಳೆಲ್ಲ ನೆರಳಾಗಿ ಹಿಂಬಾಲಿಸುತ್ತವೆ, ಆ ನೆರಳನ್ನು ತನ್ನದೆಂದು ಒಪ್ಪಿ ಒಳಗೆ ಸೇರಿಸಿಕೊಂಡವನು ಪೂರ್ಣನಾಗುತ್ತಾನೆ ಎಂಬುದು ಅವರ ವಿಚಾರ. ಇದು ಜಪಾನಿಗೆ ಹೊರಗಿನದೇನೂ ಅಲ್ಲ. ಜ್ಯೂರಿಕ್‌ನಲ್ಲಿ ಕಲಿತು ಬಂದ ಹಯಾವೊ ಕವಾಯಿ 1976ರಲ್ಲಿ ನೆರಳಿನ ಮೇಲೆಯೇ ಒಂದು ಪುಸ್ತಕ ಬರೆದರು. ಜಪಾನಿನ ಓದುಗರು ಅದನ್ನು ಬಹುವಾಗಿ ಓದಿದರು. ಆದ್ದರಿಂದ ಯೂಂಗನ ಕನ್ನಡಕವನ್ನು ಮಾಂಗಾಕ್ಕೆ ತೊಡಿಸಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಆ ವಿಚಾರದ ನಡುಬಿಂದು ಒಳಗೆ ಸೇರಿಸಿಕೊಳ್ಳುವುದು. ‘ಯು-ಗಿ-ಓ!’ದ ಕೊನೆ ಅದಕ್ಕೆ ನೇರ ಎದುರು. ಇಲ್ಲಿ ಒಳಗಿದ್ದವನನ್ನು ಹೊರಗೆ ಬಿಡಬೇಕು. ಯೂಗಿಯ ಮೈಯಿಂದ ಬೇರ್ಪಟ್ಟು, ತನ್ನದೇ ಮೈಯಲ್ಲಿ ಎದುರಿಗೆ ನಿಂತು, ತನ್ನದೇ ಹೆಸರಿನಲ್ಲಿ ಅವನು ಹೋಗಬೇಕು.

ಸತ್ತವರು ನಿಗದಿಯಾದ ದಿನಗಳಲ್ಲಿ ಮನೆಗೆ ಬಂದು, ಇದ್ದು, ಆಮೇಲೆ ದೀಪ ಹಿಡಿದು ಕಳುಹಿಸಿಕೊಡಬೇಕಾದವರು ಎಂಬ ನಂಬಿಕೆ ಜಪಾನಿನ ಒಬೊನ್ ಹಬ್ಬದಲ್ಲಿ ಇಂದಿಗೂ ಇದೆ. ಕ್ಯೋತೊದಲ್ಲಿ ಆಗಸ್ಟ್ 16ರ ರಾತ್ರಿ ಐದು ಬೆಟ್ಟಗಳ ಮೇಲೆ ಬೆಂಕಿ ಹಚ್ಚುವುದು ಅವರನ್ನು ಬೀಳ್ಕೊಡಲು. ನೋ ನಾಟಕಗಳಲ್ಲಿ ಒಂದು ಬಗೆಯೇ ಇದೆ: ಮೊದಲರ್ಧದಲ್ಲಿ ಊರಿನ ಯಾರೋ ಒಬ್ಬರಂತೆ ಕಾಣಿಸಿಕೊಂಡ ಪಾತ್ರ ಎರಡನೆಯ ಅರ್ಧದಲ್ಲಿ ತಾನು ಸತ್ತವನೆಂದು ತೋರಿಸಿಕೊಂಡು, ತನ್ನ ಕಥೆ ಹೇಳಿ, ಕೇಳಿಸಿಕೊಂಡವನ ಪ್ರಾರ್ಥನೆಯ ಬಲದಿಂದ ಮರೆಯಾಗುತ್ತದೆ. ತಕಹಾಶಿ ನೋ ನಾಟಕ ಬರೆದರು ಎಂದು ನಾನು ಹೇಳುವುದಿಲ್ಲ. ಇನ್ನೊಬ್ಬರ ಮೈಯಲ್ಲಿ ಬಂದವರು ಮೊದಲು ಸತ್ತವರು, ಆಮೇಲೆ ಬೇರೆ ಏನಾದರೂ ಅರ್ಥ ಎಂದು ತಿಳಿಯುವ ರೂಢಿ ಆ ನೆಲದಲ್ಲಿ ಬಹಳ ಹಳೆಯದು ಎಂದಷ್ಟೇ ಹೇಳುತ್ತೇನೆ. ಮೈಮೇಲೆ ಬಂದದ್ದನ್ನು ಯಾರು ನೀನು, ಏನು ಬೇಕು ಎಂದು ಕೇಳಿ ಗೊತ್ತಿರುವ ಕನ್ನಡದವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಯಾರು ನೀನು ಎಂದು ಕೇಳಿದರೆ ಅತೆಮ್‌ಗೆ ಉತ್ತರ ಗೊತ್ತಿರುವುದಿಲ್ಲ. ಅವನ ನಿಜವಾದ ಕಥೆಯೇ ಅದು. ಮೂರು ಸಾವಿರ ವರ್ಷದ ಹಿಂದೆ ಕೇಡನ್ನು ತನ್ನ ಆತ್ಮದೊಂದಿಗೆ ಪಜಲಿನಲ್ಲಿ ಬಂಧಿಸಿ, ಬಂಧನ ಬಿಚ್ಚದಿರಲೆಂದು ತನ್ನ ಹೆಸರನ್ನೂ ನೆನಪನ್ನೂ ಕಳೆದುಕೊಂಡ ಎಳೆಯ ಪ್ರಾಯದ ರಾಜ ಅವನು. ನೆನಪಿನ ಲೋಕದ ಭಾಗದಲ್ಲಿ ಅವನು ಮರಳಿ ಪಡೆಯುವುದು ಬರಿಯ ಹೆಸರನ್ನಲ್ಲ, ಒಂದು ರಾಜ್ಯದ ಪಾಪವನ್ನು. ಕುಲ್ ಎಲ್ನಾ ಎಂಬ ಹಳ್ಳಿಯ 99 ಜನರನ್ನು ಕೊಂದು, ಅವರ ರಕ್ತಮಾಂಸದಿಂದ ಮಿಲೇನಿಯಂ ವಸ್ತುಗಳನ್ನು ಎರಕ ಹೊಯ್ಯಲಾಗಿತ್ತು. ಮಾಡಿಸಿದವನು ಅವನ ತಂದೆಯ ಸ್ವಂತ ತಮ್ಮ. ಆ ಹಳ್ಳಿಯಲ್ಲಿ ಬದುಕುಳಿದ ಒಬ್ಬ ಹುಡುಗ ಕಳ್ಳನಾಗಿ ಬೆಳೆದು, ರಾಜನ ಎದುರು ನಿಂತು ಲೆಕ್ಕ ಕೇಳುತ್ತಾನೆ. ಯೂಗಿ ಕೊರಳಿಗೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಪಜಲು ಆ ಎರಕದ್ದೇ.

ಹರೆಯದ ಸಂಕೇತ ಎಂಬ ಓದಿನಲ್ಲಿ ಕುಲ್ ಎಲ್ನಾಕ್ಕೆ ಎಲ್ಲಿ ಜಾಗ? 99 ಹೆಣಗಳು ದೊಮಿನೊ ನಗರದ ಹುಡುಗನೊಬ್ಬನ ದನಿ ಒಡೆದದ್ದರ ಬಗ್ಗೆ ಏನು ಹೇಳುತ್ತವೆ? ಏನೂ ಹೇಳುವುದಿಲ್ಲ. ಅದಕ್ಕೇ ಥಿಯರಿ ಆ ಭಾಗವನ್ನು ಹೊದಿಕೆ ಎಂದು ಬದಿಗೆ ಸರಿಸುತ್ತದೆ. ನನಗೆ ಈ ಓದಿನ ಮೇಲೆ ನಿಜವಾದ ಸಿಟ್ಟು ಬರುವುದು ಇಲ್ಲಿ. ಅತೆಮ್ ಕೂಡ ಹರೆಯದಲ್ಲೇ ತೀರಿಕೊಂಡವನು. ಅವನಿಗೆ ತನ್ನದೇ ಒಂದು ಪ್ರಾಯವಿತ್ತು, ಬಾಲ್ಯದ ಗೆಳತಿಯಿದ್ದಳು, ಅವನಿಗಾಗಿ ಜೀವ ಕೊಟ್ಟ ಗೆಳೆಯ ಮಹಾದ್ ಇದ್ದ. ಅದೆಲ್ಲವನ್ನೂ ಕಿತ್ತು ಯೂಗಿಯ ಖಾತೆಗೆ ಜಮಾ ಮಾಡಿ, ಹೆಸರನ್ನು ಕಳೆದುಕೊಂಡವನಿಂದ ಹೆಸರನ್ನು ಎರಡನೆಯ ಸಲ ಕಸಿದುಕೊಳ್ಳುತ್ತೇವೆ.

ಕೊನೆಯ ಪಂದ್ಯವನ್ನು ಈ ಬೆಳಕಿನಲ್ಲಿ ನೋಡಬೇಕು. ಈಜಿಪ್ಟಿನ ನೆಲದಡಿಯ ಗುಡಿಯಲ್ಲಿ ಯೂಗಿಯೂ ಅತೆಮ್‌ನೂ ಎದುರಾಗುತ್ತಾರೆ. ಅತೆಮ್ ಸೋತರೆ ಪರಲೋಕದ ಬಾಗಿಲು ತೆರೆಯುತ್ತದೆ, ಗೆದ್ದರೆ ಇಲ್ಲೇ ಉಳಿಯುತ್ತಾನೆ. ಅಂದರೆ ಯೂಗಿ ಚೆನ್ನಾಗಿ ಆಡಿದಷ್ಟೂ ತನ್ನ ಅತ್ಯಂತ ಆಪ್ತ ಗೆಳೆಯ ದೂರವಾಗುತ್ತಾನೆ. ಅನಿಮೆಯಲ್ಲಿ ಅತೆಮ್ ಮೂರು ದೇವರ ಕಾರ್ಡುಗಳನ್ನೂ ಇಳಿಸುತ್ತಾನೆ. ಯೂಗಿ ಮೂರನ್ನೂ ಕೆಡವುತ್ತಾನೆ. ಈ ನಡುವೆ ಯೂಗಿ ಬಂಗಾರದ ಪೆಟ್ಟಿಗೆಯ ಕಾರ್ಡು ಆಡಿ ಅದರೊಳಗೆ ತನ್ನ ಒಂದು ಕಾರ್ಡನ್ನು ಮುಚ್ಚಿಡುತ್ತಾನೆ. ಅಲ್ಲಿ ಮುಚ್ಚಿಟ್ಟ ಕಾರ್ಡು ಯಾವುದೋ, ಅದನ್ನು ಎದುರಾಳಿ ಆಡಿದರೆ ಅದು ನಡೆಯುವುದಿಲ್ಲ. ಅತೆಮ್ ತನ್ನ ಕೊನೆಯ ಆಸರೆಯಾಗಿ ಸತ್ತವರನ್ನು ಎಬ್ಬಿಸುವ ಕಾರ್ಡನ್ನು, ಮಾನ್‌ಸ್ಟರ್ ರಿಬಾರ್ನನ್ನು, ಹೊರಗೆ ತೆಗೆದು ಕೆಡೆದ ದೇವರನ್ನು ಕರೆಯುತ್ತಾನೆ. ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಒಳಗಿರುವುದು ಅದೇ ಕಾರ್ಡು. ಯೂಗಿ ಅದನ್ನು ಮೊದಲೇ ಊಹಿಸಿದ್ದ.

ಆಟದ ನಡೆಯಾಗಿ ಇದು ಸೊಗಸು. ಅದಕ್ಕಿಂತ ಹೆಚ್ಚಾಗಿ, ಸತ್ತವನು ಸತ್ತವನಾಗಿಯೇ ಇರಬೇಕು ಎಂದು ಗೆಳೆಯನ ಮುಖ ನೋಡಿ ಹೇಳುವ ಮಾತು ಇದು. ಇಷ್ಟು ಕಠಿಣವಾದುದನ್ನು ಮಕ್ಕಳ ಪತ್ರಿಕೆಯಲ್ಲಿ ಇಷ್ಟು ಸರಳವಾಗಿ ಕಾಣಿಸಿದ ಇನ್ನೊಂದು ಉದಾಹರಣೆ ನನಗೆ ಥಟ್ಟನೆ ಹೊಳೆಯುವುದಿಲ್ಲ. ಸೈಲೆಂಟ್ ಮೆಜಿಶಿಯನ್‌ಳ ಕೊನೆಯ ಹೊಡೆತ ಬಿದ್ದ ಮೇಲೆ ಗೆದ್ದವನು ಮಂಡಿಯೂರಿ ಅಳುತ್ತಾನೆ, ಸೋತವನು ಬಂದು ಎಬ್ಬಿಸುತ್ತಾನೆ. ಯೂಗಿ ಬೆಳೆದಿದ್ದಾನೆ, ನಿಜ. ಅದನ್ನು ನಾನೂ ಒಪ್ಪುತ್ತೇನೆ. ಅವನು ಬೆಳೆದದ್ದು ಅತೆಮ್‌ನನ್ನು ತನ್ನ ಭಾಗವಾಗಿ ಮಾಡಿಕೊಂಡದ್ದರಿಂದ ಅಲ್ಲ. ತನಗೆ ಎಷ್ಟೇ ಬೇಕಾಗಿದ್ದರೂ ಅವನು ತನ್ನವನಲ್ಲ, ಅವನಿಗೆ ಹೋಗಬೇಕಾದ ಜಾಗವಿದೆ ಎಂದು ಕಂಡುಕೊಂಡದ್ದರಿಂದ.

ಇಷ್ಟನ್ನೂ ಕೇಳಿದ ಮೇಲೆ ಕೆಲವರು ರಾಜಿಗೆ ಬರುತ್ತಾರೆ: ಕಥೆಯ ಮಟ್ಟದಲ್ಲಿ ಅತೆಮ್ ಬೇರೆ ವ್ಯಕ್ತಿಯಾಗಿರಲಿ, ಅರ್ಥದ ಮಟ್ಟದಲ್ಲಿ ಹರೆಯವಾಗಿರಲಿ, ಎರಡೂ ಒಟ್ಟಿಗೆ ಇರಬಾರದೆ? ಕೇಳಲು ಉದಾರವಾಗಿದೆ. ಆದರೆ ಸಂಕೇತವೆಂದ ಮೇಲೆ ಕಥೆಯೊಳಗಿನ ನೋವನ್ನೂ ಅದು ಹೊರಬೇಕು. ಒಬ್ಬನ ಹರೆಯ ಕಳೆದರೆ ಅದು ಕಳೆಯುವುದು ಅವನೊಬ್ಬನಿಗೆ. ಆ ಗುಡಿಯಲ್ಲಿ ಅತೆಮ್ ಬಾಗಿಲ ಕಡೆ ನಡೆಯುವಾಗ ಅವನನ್ನು ಕಳೆದುಕೊಳ್ಳುತ್ತಿರುವವನು ಯೂಗಿ ಒಬ್ಬನೇ ಅಲ್ಲ. ಯೂಗಿಯ ಸಹಪಾಠಿ ಜೋನೋಉಚಿ ಕಳೆದುಕೊಳ್ಳುವುದು ಒಬ್ಬ ಗೆಳೆಯನನ್ನು. ಅಂಜು ಕಳೆದುಕೊಳ್ಳುವುದು ತಾನು ಹೇಳಲಾಗದೆ ಉಳಿದ ಪ್ರೀತಿಯನ್ನು. ಕೈಬಾ ಕಳೆದುಕೊಳ್ಳುವುದು ತನ್ನನ್ನು ಅಳೆದುಕೊಳ್ಳಲು ಇದ್ದ ಒಬ್ಬನೇ ಎದುರಾಳಿಯನ್ನು. ಇವರೆಲ್ಲ ಯೂಗಿಯ ಹರೆಯಕ್ಕಾಗಿ ಕೊರಗುತ್ತಿದ್ದಾರೆಯೆ?

2016ರಲ್ಲಿ ತೆರೆಕಂಡ ‘ದಿ ಡಾರ್ಕ್ ಸೈಡ್ ಆಫ್ ಡೈಮೆನ್ಶನ್ಸ್’ ಚಿತ್ರಕ್ಕೆ ಕಥೆ ಬರೆದವರು ಸ್ವತಃ ತಕಹಾಶಿ. 2022ರಲ್ಲಿ ಒಕಿನಾವಾದ ಕಡಲಲ್ಲಿ ತೀರಿಕೊಳ್ಳುವ ಮುನ್ನ ಈ ಪಾತ್ರಗಳಿಗೆ ಅವರು ಬರೆದ ದೊಡ್ಡ ಕಥೆ ಇದು. ಮಾಂಗಾ ಮುಗಿದ ನಂತರದ ಕಾಲ, ಹುಡುಗರು ಶಾಲೆ ಮುಗಿಸುವ ಹಂತ. ಕೈಬಾ ಕುಸಿದ ಗುಡಿಯ ಅವಶೇಷವನ್ನು ಅಗೆಸಿ ಪಜಲಿನ ಚೂರುಗಳನ್ನು ಹೊರತೆಗೆಸುತ್ತಾನೆ, ಯಂತ್ರದಿಂದ ಜೋಡಿಸುತ್ತಾನೆ, ಯೂಗಿಯನ್ನು ಪಂದ್ಯಕ್ಕೆ ಎಳೆದು ತಂದು ಅತೆಮ್‌ನನ್ನು ಕರೆ ಎನ್ನುತ್ತಾನೆ. ಯೂಗಿ ಕೊನೆಯ ಚೂರನ್ನು ಕೂರಿಸುತ್ತಾನೆ. ಯಾರೂ ಏಳುವುದಿಲ್ಲ. ಪಜಲು ಖಾಲಿ. ಥಿಯರಿ ಸರಿಯಿದ್ದರೆ ಕೈಬಾ ಹುಡುಕುತ್ತಿರುವವನು ಅವನ ಕಣ್ಣೆದುರೇ ಇದ್ದಾನೆ: ಅಂಜಿಕೆ ಬಿಟ್ಟ, ದೊಡ್ಡವನಾದ, ದೇವರ ಕಾರ್ಡುಗಳನ್ನೇ ಕೆಡವಿದ ಯೂಗಿಯಲ್ಲಿ ಆ ಇನ್ನೊಬ್ಬ ಪೂರ್ತಿಯಾಗಿ ಕರಗಿ ಸೇರಿರಬೇಕು. ಕೈಬಾ ಆ ಯೂಗಿಯನ್ನು ನೋಡುತ್ತಾನೆ, ಅವನೊಡನೆ ಆಡುತ್ತಾನೆ, ಅವನನ್ನು ಗೌರವಿಸುತ್ತಾನೆ. ಆದರೂ ಅವನ ಹುಡುಕಾಟ ನಿಲ್ಲುವುದಿಲ್ಲ. ಸತ್ತವರ ಲೋಕಕ್ಕೆ ಹೋಗುವ ಯಂತ್ರ ಕಟ್ಟಿ, ಅದರಲ್ಲಿ ತಾನೇ ಕೂತು, ಅತೆಮ್‌ನ ಸಿಂಹಾಸನದ ಎದುರು ಹೋಗಿ ನಿಲ್ಲುತ್ತಾನೆ.